ಹುಬ್ಬಳ್ಳಿ-ಧಾರವಾಡದ ಸ್ಟಾರ್ಟಪ್ ಕೂಟಗಳು: ಯಾವುದಕ್ಕೆ ಹೋಗಬೇಕು, ಯಾವುದನ್ನು ಬಿಡಬೇಕು

ಹುಬ್ಬಳ್ಳಿ-ಧಾರವಾಡದಲ್ಲಿ ಸ್ಟಾರ್ಟಪ್ ಹೆಸರಿನ ಕಾರ್ಯಕ್ರಮಗಳಿಗೆ ಈಗ ಬರವಿಲ್ಲ. ಗೋಕುಲ ರೋಡಿನ ಇನ್‌ಕ್ಯುಬೇಟರ್‌ನಲ್ಲಿ (ಹೊಸ ಉದ್ಯಮಗಳಿಗೆ ಜಾಗ, ಸಲಹೆ ಕೊಟ್ಟು ಬೆಳೆಸುವ ಕೇಂದ್ರ) ಒಂದು, ವಿದ್ಯಾನಗರದ ಕಾಲೇಜಿನಲ್ಲಿ ಒಂದು, ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಇನ್ನೊಂದು, ನಡುವೆ ಯಾವುದೋ ಹೋಟೆಲಿನ ಹಾಲ್‌ನಲ್ಲಿ 'ನೆಟ್‌ವರ್ಕಿಂಗ್ ಡಿನ್ನರ್' ಮತ್ತೊಂದು. ಎಲ್ಲಕ್ಕೂ ಹಾಜರಿ ಹಾಕುತ್ತ ಹೋದರೆ ವರ್ಷ ಕಳೆದದ್ದೇ ತಿಳಿಯುವುದಿಲ್ಲ. ಹಾಗೆ ಹೋಗುವವರೂ ಇದ್ದಾರೆ. ಪ್ರತಿ ಕೂಟದಲ್ಲೂ ಅದೇ ಮುಖ, ಅದೇ ಹದಿನಾಲ್ಕು ಸ್ಲೈಡು, ಅದೇ 'ಇನ್ನೇನು ಲಾಂಚ್ ಮಾಡ್ತೀವ್ರಿ' ಎಂಬ ಮಾತು. ಗೆದ್ದ ಫಲಕಗಳು ಆಫೀಸಿನ ಗೋಡೆ ತುಂಬಿರುತ್ತವೆ, ಬಿಲ್ ಬುಕ್ಕಿನಲ್ಲಿ ಮಾತ್ರ ಹತ್ತು ಹಾಳೆಯೂ ಹರಿದಿರುವುದಿಲ್ಲ.

ಪೋಸ್ಟರ್ ನೋಡಿ ಆರಿಸುವುದೇ ಇದಕ್ಕೆ ಕಾರಣ ಎಂದು ನನಗೆ ಅನಿಸುತ್ತದೆ. ಪೋಸ್ಟರಿನಲ್ಲಿ ದಪ್ಪಕ್ಷರದಲ್ಲಿರುವುದು ಬಹುಮಾನದ ಮೊತ್ತ, ಅದರ ಕೆಳಗೆ ತೀರ್ಪುಗಾರರ ಫೋಟೋ. ನಾನು ನೋಡುವುದು ಬೇರೆಯದನ್ನು: ಆ ಹಾಲ್‌ನಲ್ಲಿ ಕೂತವರು ನಿಮ್ಮನ್ನು ಏನು ಕೇಳುತ್ತಾರೆ? ಒಂದೊಂದು ಬಗೆಯ ಕೂಟಕ್ಕೂ ಅದರದೇ ಆದ ಒಂದು ಪ್ರಶ್ನೆ ಇರುತ್ತದೆ. ಇನ್‌ಕ್ಯುಬೇಟರ್‌ನವರು 'ಇದು ಯಾರ ತೊಂದರೆ?' ಎಂದು ಕೇಳುತ್ತಾರೆ. ಪಿಚ್, ಅಂದರೆ ಕೆಲವೇ ನಿಮಿಷದಲ್ಲಿ ಐಡಿಯಾ ಹೇಳಿ ಒಪ್ಪಿಸುವ ಸ್ಪರ್ಧೆಯ ತೀರ್ಪುಗಾರರು 'ಇದು ಎಷ್ಟು ದೊಡ್ಡದಾಗುತ್ತದೆ?' ಎನ್ನುತ್ತಾರೆ. ವ್ಯಾಪಾರಸ್ಥರು 'ಉದ್ರಿ ಎಷ್ಟು ದಿನ?' ಎನ್ನುತ್ತಾರೆ. ರೈತ 'ಕೆಟ್ಟರೆ ಯಾರು ಬರ್ತೀರಿ?' ಎನ್ನುತ್ತಾನೆ. ಸರ್ಕಾರದ ಸಮಿತಿ ಕಾಗದ ಕೇಳುತ್ತದೆ. ಈಗ ನಿಮ್ಮ ಕೆಲಸ ಯಾವ ಪ್ರಶ್ನೆಗೆ ಉತ್ತರ ಸಿಗದೆ ನಿಂತಿದೆಯೋ ಆ ಪ್ರಶ್ನೆ ಕೇಳುವ ಕಡೆ ಹೋಗಬೇಕು.

ಐಡಿಯಾ ಇನ್ನೂ ತಲೆಯಲ್ಲೇ ಇದ್ದರೆ

ಹುಬ್ಬಳ್ಳಿ ಮೂಲದ ಗುರುರಾಜ ದೇಶಪಾಂಡೆಯವರ ಪ್ರತಿಷ್ಠಾನ ಕಟ್ಟಿದ ದೇಶಪಾಂಡೆ ಸ್ಟಾರ್ಟಪ್ಸ್ ಗೋಕುಲ ರೋಡಿನಲ್ಲಿ ವಿಮಾನ ನಿಲ್ದಾಣದ ಪಕ್ಕದಲ್ಲೇ ಇದೆ. ಇಲ್ಲಿ ನಡೆಯುವ ಸಭೆಗಳಲ್ಲಿ ವೇದಿಕೆಯ ಕಾರ್ಯಕ್ರಮಕ್ಕಿಂತ ಮೆಂಟರ್ (ಮಾರ್ಗದರ್ಶಕ) ಜೊತೆಗಿನ ಅರ್ಧ ಗಂಟೆಗೆ ಹೆಚ್ಚು ಬೆಲೆ. ಅವರ ಮೇಕರ್ಸ್ ಲ್ಯಾಬ್ ಅನ್ನು ಕಣ್ಣಾರೆ ನೋಡಿ ಬರುವುದು ಸಹ ಒಂದು ಕೆಲಸವೇ. ಎಲೆಕ್ಟ್ರಾನಿಕ್ಸ್ ಅಥವಾ ಯಂತ್ರದ ಮಾದರಿ ಮಾಡಬೇಕಾದವರು ಬೆಂಗಳೂರಿಗೆ ಬಸ್ ಹತ್ತುವ ಮುಂಚೆ ಇಲ್ಲಿ ಕೇಳಿ ನೋಡಬಹುದು. ಅವಳಿನಗರದ ನಡುವೆ ಓಡುವ ಚಿಗರಿ ಬಸ್ಸು ಗೋಕುಲ ರೋಡಿಗೆ ಹೋಗುವುದಿಲ್ಲ, ಹೊಸೂರಿನ ಕಡೆ ಇಳಿದು ಆಟೋ ಹಿಡಿಯಬೇಕು ಎನ್ನುವುದನ್ನು ಧಾರವಾಡದವರು ಲೆಕ್ಕದಲ್ಲಿ ಇಟ್ಟುಕೊಳ್ಳಲಿ.

ವಿದ್ಯಾನಗರದ ಕೆಎಲ್ಇ ತಾಂತ್ರಿಕ ವಿಶ್ವವಿದ್ಯಾಲಯ ಎಂದರೆ ಊರವರ ಬಾಯಲ್ಲಿ ಇಂದಿಗೂ ಬಿವಿಬಿ. 1947ರಲ್ಲಿ ಶುರುವಾದ ಆ ಕಾಲೇಜಿನ ಹೆಸರು ಅಷ್ಟು ಸುಲಭಕ್ಕೆ ಹೋಗುವಂಥದ್ದಲ್ಲ. ಅಲ್ಲಿ ಉದ್ಯಮಶೀಲತೆಗೆಂದೇ ಇರುವ ಕೇಂದ್ರ ಸಿಟಿಐಇ. ಧಾರವಾಡದ ಕಡೆ ಐಐಟಿ, ಐಐಐಟಿ, ಎಸ್‌ಡಿಎಂ ಎಂಜಿನಿಯರಿಂಗ್ ಕಾಲೇಜು ಇವೆ. ಐಐಟಿಯ ಚಿಕ್ಕಮಲ್ಲಿಗವಾಡದ ಕ್ಯಾಂಪಸ್ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು, ಅವರಿಗೂ ಒಂದು ಇನ್‌ಕ್ಯುಬೇಟರ್ ಇದೆ. ಇಲ್ಲಿನ ಹ್ಯಾಕಥಾನ್‌ಗಳಿಗೆ, ಅಂದರೆ ಬಿಡದೆ ಕೂತು ಮಾದರಿ ಕಟ್ಟುವ ಸ್ಪರ್ಧೆಗಳಿಗೆ, ಹೊರಗಿನವರು ಹೋಗುವುದರಿಂದ ಲಾಭ ಒಂದೇ, ಆದರೆ ದೊಡ್ಡದು: ಕೆಲಸಕ್ಕೆ ಹುಡುಗರು ಸಿಗುತ್ತಾರೆ. ರಾತ್ರಿ ಎರಡು ಗಂಟೆಗೆ ಬೆಸುಗೆ ಹಾಕುತ್ತ ಕೂತ ಐದನೇ ಸೆಮಿಸ್ಟರ್ ಹುಡುಗಿಯನ್ನು ನೋಡಿದ ಮೇಲೆ ಅವಳ ರೆಸ್ಯೂಮೆ ಓದುವ ಅಗತ್ಯ ಬೀಳುವುದಿಲ್ಲ. ಸ್ಪರ್ಧಿಯಾಗಿ ಹೋಗಲು ಆಗದಿದ್ದರೆ ಮೆಂಟರ್ ಆಗಿ ಬರುತ್ತೇನೆ ಎಂದು ಹೇಳಿ ನೋಡಿ. ಸಾಮಾನ್ಯವಾಗಿ ಸಂಘಟಕರು ಬೇಡ ಎನ್ನುವುದಿಲ್ಲ, ಅವರಿಗೂ ಜನ ಬೇಕಿರುತ್ತಾರೆ.

ವಿದ್ಯಾರ್ಥಿಗಳಾದರೆ ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್‌ನ ಕಾಲೇಜು ಸುತ್ತನ್ನು ಬಿಡಬೇಡಿ. ಆರು ಜನರ ತಂಡ, ಅದರಲ್ಲಿ ಒಬ್ಬ ಹುಡುಗಿಯಾದರೂ ಇರಲೇಬೇಕು ಎಂಬುದು ನಿಯಮ. ಅಲ್ಲಿಯ ಸಮಸ್ಯೆಗಳನ್ನು ಹೆಚ್ಚಾಗಿ ಸಚಿವಾಲಯಗಳು, ಇಲಾಖೆಗಳು ಕೊಟ್ಟಿರುತ್ತವೆ. ನಿಮ್ಮ ಸ್ವಂತ ಐಡಿಯಾ ಪರೀಕ್ಷೆಗೆ ಅದು ಜಾಗವಲ್ಲ, ತಂಡ ಕಟ್ಟುವುದಕ್ಕೆ ಜಾಗ.

ಟೈ ಕೂಟವೋ, ಚೇಂಬರ್ ಸಭೆಯೋ

ಇವೆರಡರ ನಡುವೆ ಆರಿಸುವಾಗ ಹೊಸಬರು ಕಣ್ಣು ಮುಚ್ಚಿ ಟೈ ಕಡೆ ವಾಲುತ್ತಾರೆ. ನಾನಾದರೆ ಅಷ್ಟು ಬೇಗ ತೀರ್ಮಾನ ಕೊಡುವುದಿಲ್ಲ.

ಟೈ ಎಂಬ ಸಂಸ್ಥೆ 1992ರಲ್ಲಿ ಸಿಲಿಕಾನ್ ವ್ಯಾಲಿಯಲ್ಲಿ ಹುಟ್ಟಿದ್ದು, ಹುಬ್ಬಳ್ಳಿಯಲ್ಲೂ ಅದರ ಶಾಖೆ ಇದೆ. ಅನುಭವಿ ಉದ್ಯಮಿಗಳು ಚಾರ್ಟರ್ ಸದಸ್ಯರಾಗಿರುತ್ತಾರೆ, ಹೊಸಬರಿಗೆ ಅವರು ದಾರಿ ತೋರಿಸಬೇಕು ಎಂಬುದು ಅದರ ಮೂಲ ಕಲ್ಪನೆ. ಟೈಕಾನ್‌ನಂಥ ಸಮಾವೇಶದ ದಿನ ಬೆಂಗಳೂರು, ಪುಣೆ ಕಡೆಯಿಂದಲೂ ಜನ ಬರುತ್ತಾರೆ. ಬೇರೆ ದಿನ ಫೋನ್ ಮಾಡಿದರೂ ಸಿಗದವರು ಅಂದು ಚಹಾದ ಕಪ್ಪು ಹಿಡಿದು ನಿಮ್ಮ ಎದುರೇ ನಿಂತಿರುತ್ತಾರೆ. ಇಲ್ಲಿ ಮಾತು ಬೆಳವಣಿಗೆಯ ಸುತ್ತ: ಬಂಡವಾಳ, ತಂಡ, ಎರಡನೇ ಊರಿಗೆ ಹೇಗೆ ಹೋಗುವುದು. ಈಗಾಗಲೇ ಒಂದಿಷ್ಟು ಮಾರಾಟ ಮಾಡಿದವರಿಗೆ ಇದು ಹೇಳಿ ಮಾಡಿಸಿದ ಕೂಟ. ಇನ್ನೂ ಏನೂ ಮಾರದವರಿಗೆ ಕೇಳಲು ಚೆಂದ, ಅಷ್ಟೇ.

ಇನ್ನು ಜಯಚಾಮರಾಜ ನಗರದ ಕರ್ನಾಟಕ ವಾಣಿಜ್ಯೋದ್ಯಮ ಸಂಸ್ಥೆ. 1928ರಿಂದ ಇರುವ ಚೇಂಬರ್ ಅದು. ಸಭೆಗೆ ಬರುವವರಲ್ಲಿ ಅರ್ಧದಷ್ಟು ಮಂದಿ 'ಸ್ಟಾರ್ಟಪ್' ಎಂದರೆ ಮಕ್ಕಳಾಟ ಎಂದುಕೊಂಡ ಹಿರಿಯರು. ಎಪಿಎಂಸಿ ದಲಾಲರು, ಹಾರ್ಡ್‌ವೇರ್ ಅಂಗಡಿಯವರು, ಔಷಧಿ ಡಿಸ್ಟ್ರಿಬ್ಯೂಟರ್‌ಗಳು, ಸಾರಿಗೆಯವರು. ಅಲ್ಲಿ ಲ್ಯಾಪ್‌ಟಾಪ್ ತೆರೆದರೆ ಯಾರೂ ನೋಡುವುದಿಲ್ಲ. ಆದರೆ ವಸ್ತು ಕೈಗೆ ಕೊಟ್ಟರೆ ತಿರುಗಿಸಿ ಮುರುಗಿಸಿ ನೋಡುತ್ತಾರೆ.

ಎರಡೂ ಕಡೆಯ ವ್ಯತ್ಯಾಸ ಗೊತ್ತಾಗಲು ಒಂದು ಪ್ರಸಂಗ ಹೇಳುತ್ತೇನೆ. ಅಂಗಡಿಗಳ ಸ್ಟಾಕ್ ಲೆಕ್ಕ ಇಡುವ ಮೊಬೈಲ್ ಆ್ಯಪ್ ಮಾಡಿದ ಹುಡುಗನೊಬ್ಬ ಪಿಚ್ ವೇದಿಕೆಗಳಲ್ಲಿ ಚೆನ್ನಾಗಿಯೇ ಮಾತಾಡುತ್ತಿದ್ದ. ದೇಶದಲ್ಲಿ ಕಿರಾಣಿ ಅಂಗಡಿಗಳು ಎಷ್ಟು, ಅದರಲ್ಲಿ ಶೇ 1ರಷ್ಟು ಹಿಡಿದರೂ ಎಷ್ಟು ಕೋಟಿ, ಎಲ್ಲ ಬಾಯಿಪಾಠ. ಚೇಂಬರ್ ಸಭೆ ಮುಗಿದ ಮೇಲೆ ದುರ್ಗದಬೈಲ್ ಕಡೆಯ ಅಂಗಡಿ ಸಾವಕಾರರೊಬ್ಬರು ಅವನ ಫೋನ್ ಇಸಿದುಕೊಂಡು ಕನ್ನಡಕ ಹಣೆಗೇರಿಸಿ ನೋಡಿದರು.

'ತಮ್ಮಾ, ಮಾಲು ಬಂದಿದ್ದು ಇದರಾಗ ಯಾರು ಬರಿಬೇಕು?'

'ನಿಮ್ಮ ಅಂಗಡ್ಯಾಗಿನ ಹುಡುಗರು ಬರೀತಾರ್ರಿ ಕಾಕಾ.'

'ನಮ್ಮ ಹುಡುಗ ಚೀಟಿ ಮ್ಯಾಲೆ ಬರಿಯೂದಕ್ಕ ಬ್ಯಾಸರ ಮಾಡ್ಕೋತಾನ. ಬಿಲ್ಲಿನ ಫೋಟೋ ಹೊಡದ್ರ ತಾನ ಬರಕೊಂತೈತೇನು?'

ಹುಡುಗನ ಬಳಿ ಉತ್ತರ ಇರಲಿಲ್ಲ. ಆದರೆ ಮುಂದಿನ ಆರು ತಿಂಗಳು ಏನು ಮಾಡಬೇಕು ಎಂಬುದು ಅಲ್ಲೇ ಗೊತ್ತಾಯಿತು. ವೇದಿಕೆಯ ಮೇಲೆ ಯಾವ ತೀರ್ಪುಗಾರನೂ ಕೇಳದ ಪ್ರಶ್ನೆ ಅದು, ಏಕೆಂದರೆ ತೀರ್ಪುಗಾರನಿಗೆ ಆ ಆ್ಯಪ್ ಬಳಸಬೇಕಾದ ಗರಜು ಇಲ್ಲ.

ಹೀಗಾಗಿ ನನ್ನ ಸಲಹೆ: ಅಂಗಡಿ, ಕಾರ್ಖಾನೆ, ಗೋದಾಮಿನವರಿಗೆ ಮಾರುವ ವಸ್ತುವಿದ್ದರೆ ಮೊದಲು ಚೇಂಬರ್ ಅಥವಾ ಗೋಕುಲ ರೋಡಿನ ಸಣ್ಣ ಕೈಗಾರಿಕೆಗಳ ಸಂಘದ ಸಭೆ, ನಾಲ್ಕಾರು ಗ್ರಾಹಕರಾದ ಮೇಲೆ ಟೈ. ಬರೀ ಆನ್‌ಲೈನ್ ಸಾಫ್ಟ್‌ವೇರ್ ಆಗಿದ್ದು ಗ್ರಾಹಕರು ಬೆಂಗಳೂರು, ಹೈದರಾಬಾದಿನಲ್ಲಿದ್ದರೆ ಇದನ್ನು ತಿರುವುಮುರುವು ಮಾಡಿ. ಚೇಂಬರ್ ಸಭೆಗೆ ಸದಸ್ಯರಲ್ಲದವರನ್ನು ಬಿಡುತ್ತಾರೋ ಇಲ್ಲವೋ ಎಂಬ ಚಿಂತೆ ಬೇಡ. ಪರಿಚಯದ ಸದಸ್ಯರೊಬ್ಬರ ಜೊತೆ ಹೋದರೆ ನಡೆಯುತ್ತದೆ. ನಿಮ್ಮ ಚಾರ್ಟರ್ಡ್ ಅಕೌಂಟೆಂಟ್‌ಗೆ ಕೇಳಿ, ಅವರಿಗೆ ಗೊತ್ತಿರದ ಸಾವಕಾರರು ಊರಲ್ಲಿ ಇರುವುದಿಲ್ಲ.

ಪಿಚ್ ಸ್ಪರ್ಧೆ: ಬಹುಮಾನದ ಕೆಳಗಿನ ಸಣ್ಣಕ್ಷರ

ಪಿಚ್ ಸ್ಪರ್ಧೆಗಳು ಮೂರರಿಂದ ಐದು ನಿಮಿಷದ ಆಟ. ಅಷ್ಟರಲ್ಲಿ ಹೇಳಿ ಮುಗಿಸಬೇಕು, ಮೇಲೆ ಅಷ್ಟೇ ಹೊತ್ತಿನ ಪ್ರಶ್ನೋತ್ತರ. ಇದರ ಉಪಯೋಗವನ್ನು ನಾನು ಅಲ್ಲಗಳೆಯುವುದಿಲ್ಲ. ಗೊಂದಲದಲ್ಲಿದ್ದ ಮಾತು ಹದಕ್ಕೆ ಬರುತ್ತದೆ, ಪತ್ರಿಕೆಯಲ್ಲಿ ಹೆಸರು ಬಂದರೆ ಬ್ಯಾಂಕ್ ಮ್ಯಾನೇಜರ್ ಕುರ್ಚಿ ತೋರಿಸುತ್ತಾರೆ, ಮನೆಯಲ್ಲಿ 'ನೌಕರಿ ಬಿಟ್ಟು ಏನ್ ಮಾಡ್ಲಿಕತ್ತಾನ' ಎನ್ನುವ ಮಾತು ಸ್ವಲ್ಪ ತಣ್ಣಗಾಗುತ್ತದೆ. ಕೊನೆಯದು ಸಣ್ಣ ಲಾಭವಲ್ಲ.

ಎರಡು ಸ್ಪರ್ಧೆಗಳ ನಡುವೆ ಆರಿಸುವಾಗ ಮಾತ್ರ ಸಂಘಟಕರಿಗೆ ಫೋನ್ ಮಾಡಿ ಕೆಲವನ್ನು ಬಿಡಿಸಿ ಕೇಳಬೇಕು. 'ಒಟ್ಟು 10 ಲಕ್ಷ ರೂಪಾಯಿ ಬಹುಮಾನ' ಎಂದಿದ್ದರೆ ಅದರಲ್ಲಿ ನಗದು ಎಷ್ಟು? ಕ್ಲೌಡ್ ಕ್ರೆಡಿಟ್ (ಬಾಡಿಗೆ ಸರ್ವರ್ ಬಳಸಲು ಕೊಡುವ ಉಚಿತ ಜಮೆ), ಆಫೀಸಿನಲ್ಲಿ ಆರು ತಿಂಗಳ ಕುರ್ಚಿ-ಮೇಜು, ಮೆಂಟರ್ ತಾಸುಗಳನ್ನೂ ರೂಪಾಯಿಗೆ ತಿರುಗಿಸಿ ಕೂಡಿಸುವುದು ಮಾಮೂಲು. ಸರ್ವರ್ ಖರ್ಚು ನಿಜಕ್ಕೂ ಇರುವವರಿಗೆ ಕ್ಲೌಡ್ ಕ್ರೆಡಿಟ್ ಹಣವೇ. ಖಡಕ್ ರೊಟ್ಟಿ ಮಾಡಿ ಮಾರುವವರಿಗೆ ಅದರಿಂದ ಒಂದು ಚೀಲ ಜೋಳವೂ ಬರುವುದಿಲ್ಲ. ನಗದು ಅಂದೇ ಕೊಡುತ್ತಾರೋ, ಕಂತಿನಲ್ಲೋ, ಕಂತಿಗೆ ಷರತ್ತೇನು? ಗೆದ್ದವರು ಇನ್‌ಕ್ಯುಬೇಟರ್ ಸೇರಲೇಬೇಕೇ, ಸೇರಿದರೆ ಅವರು ಪಾಲು ಕೇಳುತ್ತಾರೆಯೇ? ಶೇ 2-3ರ ಪಾಲು ಕೇಳುವುದೇ ತಪ್ಪೆಂದು ನಾನು ಹೇಳುತ್ತಿಲ್ಲ, ವೇದಿಕೆಯ ಮೇಲೆ ದೊಡ್ಡ ಚೆಕ್ ಹಿಡಿದು ಫೋಟೋ ತೆಗೆಸಿಕೊಂಡ ಮೇಲೆ ಗೊತ್ತಾಗುವುದು ತಪ್ಪು. ಕಂಪನಿ ನೋಂದಣಿ ಆಗಿರಲೇಬೇಕೇ ಎಂಬುದನ್ನಂತೂ ಮರೆಯದೆ ಕೇಳಿ. ಇದರ ಮಾತು ಮುಂದೆ ಬರುತ್ತದೆ, ಬಹಳ ಜನ ಎಡವುವುದು ಅಲ್ಲೇ.

ಎಲ್ಲ ಉದ್ಯಮಕ್ಕೂ ಪಿಚ್ ಬೇಕಿಲ್ಲ ಎಂಬುದನ್ನೂ ಯಾರಾದರೂ ಹೇಳಬೇಕಲ್ಲ. ಮೆಣಸಿನಪುಡಿ ಘಟಕ, ರೊಟ್ಟಿ ಕೇಂದ್ರ, ಎಣ್ಣೆ ಗಾಣ ಇವಕ್ಕೆ ತೀರ್ಪುಗಾರರ ಮುಂದೆ 'ಸ್ಕೇಲ್' ಬಗ್ಗೆ ಮಾತಾಡಿ ಬೆವರುವುದಕ್ಕಿಂತ ಕಿರು ಆಹಾರ ಸಂಸ್ಕರಣಾ ಯೋಜನೆಯಾದ ಪಿಎಂಎಫ್‌ಎಂಇ ಅಡಿ ಸಾಲ ತೆಗೆದದ್ದು ಎಷ್ಟೋ ಮೇಲು. ಅದರಲ್ಲಿ ಕೇಂದ್ರದ ಶೇ 35ರ ಸಹಾಯಧನಕ್ಕೆ ರಾಜ್ಯ ಶೇ 15 ಸೇರಿಸಿ ಒಟ್ಟು ಶೇ 50, ಗರಿಷ್ಠ 15 ಲಕ್ಷ ರೂಪಾಯಿ ಎಂದು ಗೊತ್ತುಮಾಡಿದೆ. ಅರ್ಜಿ ಈಗ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಕೃಷಿ ಇಲಾಖೆ ಕಚೇರಿಯಲ್ಲಿ ಕೇಳಿ. ಐದು ನಿಮಿಷದ ಯಾವ ಭಾಷಣಕ್ಕೂ ಇಷ್ಟು ಹಣ ಬರುವುದಿಲ್ಲ.

ಭಾಷೆಯ ವಿಚಾರ. ನಮ್ಮ ಕಡೆಯ ಸ್ಪರ್ಧೆಗಳಲ್ಲಿ ಕನ್ನಡದಲ್ಲಿ ಪಿಚ್ ಮಾಡಬಹುದೇ ಎಂದು ಕೇಳಲು ಹುಡುಗರು ಸಂಕೋಚ ಪಡುತ್ತಾರೆ. ಕೇಳಿ. ಸ್ಲೈಡಿನಲ್ಲಿ ಇಂಗ್ಲಿಷ್ ಅಂಕಿ-ಅಂಶ ಇಟ್ಟುಕೊಂಡು ಮಾತು ಕನ್ನಡದಲ್ಲಿ ಆಡಿದರೆ ಸ್ಥಳೀಯ ತೀರ್ಪುಗಾರರು ಬೇಸರಿಸುವುದಿಲ್ಲ, ಬದಲಿಗೆ ಮುರುಕು ಇಂಗ್ಲಿಷಿನಲ್ಲಿ ಮುಚ್ಚಿಹೋಗುತ್ತಿದ್ದ ತಿಳಿವಳಿಕೆ ಹೊರಬೀಳುತ್ತದೆ. ಹೊರಗಿನಿಂದ ಬಂದ ಹೂಡಿಕೆದಾರರೇ ಹೆಚ್ಚಿರುವ ಕೂಟವಾದರೆ ಮಾತ್ರ ತಂಡದಲ್ಲಿ ಇಂಗ್ಲಿಷ್ ಸಲೀಸಾಗಿ ಆಡುವವರನ್ನು ಮುಂದೆ ಬಿಡಿ. 'ಬೆಂಗಳೂರಿಗೆ ಯಾವಾಗ ಶಿಫ್ಟ್ ಆಗ್ತೀರಿ?' ಎಂಬ ಪ್ರಶ್ನೆಗೂ ಉತ್ತರ ತಯಾರಿರಲಿ. ಬಾಡಿಗೆ, ಸಂಬಳ, ಕೆಲಸ ಬಿಟ್ಟು ಹೋಗುವವರ ಸಂಖ್ಯೆ ಇವುಗಳ ಲೆಕ್ಕ ಹಾಕಿ ಹೇಳಿದರೆ ಉತ್ತರ ಗಟ್ಟಿ. 'ನಮ್ಮೂರಿನ ಅಭಿಮಾನ' ಎಂದರೆ ಚಪ್ಪಾಳೆ ಬರುತ್ತದೆ, ಅಂಕ ಬರುವುದಿಲ್ಲ.

ಸರ್ಕಾರದ ಹಣ: ಯಾವುದು ಮೊದಲು ಎಂಬುದೇ ಲೆಕ್ಕ

ಸರ್ಕಾರಿ ಯೋಜನೆಗಳಲ್ಲೂ ಪಿಚ್ ಇರುತ್ತದೆ, ಆದರೆ ಅದು ಸಂದರ್ಶನದಂತೆ ನಡೆಯುತ್ತದೆ. ಪ್ರೇಕ್ಷಕರಿಲ್ಲ, ಚಪ್ಪಾಳೆಯಿಲ್ಲ. ನನ್ನ ಮಟ್ಟಿಗೆ ಇವೇ ನಿಜವಾದ ಸ್ಪರ್ಧೆಗಳು, ಏಕೆಂದರೆ ಮೊತ್ತ ದೊಡ್ಡದು ಮತ್ತು ಪಾಲು ಕೇಳದ ಹಣವೂ ಇದೆ.

ಸ್ಟಾರ್ಟಪ್‌ಗಳಿಗೆಂದೇ ಇರುವ ರಾಜ್ಯದ ಎಲಿವೇಟ್ ಯೋಜನೆ 2017ರಲ್ಲಿ ಶುರುವಾಯಿತು. ಗೆದ್ದವರಿಗೆ 50 ಲಕ್ಷ ರೂಪಾಯಿವರೆಗೆ ಅನುದಾನ, ಕಂಪನಿಯಲ್ಲಿ ಪಾಲು ಕೊಡಬೇಕಿಲ್ಲ. ಕೃಷಿಗೆ ಸಂಬಂಧಪಟ್ಟದ್ದಾದರೆ ಧಾರವಾಡ ಕೃಷಿ ವಿಶ್ವವಿದ್ಯಾಲಯದಲ್ಲೇ 'ಕೃಷಿಕ್' ಎಂಬ ಅಗ್ರಿ ಬಿಸಿನೆಸ್ ಇನ್‌ಕ್ಯುಬೇಟರ್ ಇದೆ. ಅದು ರಾಷ್ಟ್ರೀಯ ಕೃಷಿ ವಿಕಾಸ ಯೋಜನೆಯಡಿ ಬರುವಂಥದ್ದು: ಐಡಿಯಾ ಹಂತಕ್ಕೆ 5 ಲಕ್ಷದವರೆಗೆ, ಸೀಡ್, ಅಂದರೆ ಆರಂಭದ ಬಂಡವಾಳದ ಹಂತಕ್ಕೆ 25 ಲಕ್ಷದವರೆಗೆ ಅನುದಾನ. ಮೂರನೆಯದು ಕೇಂದ್ರದ ಸ್ಟಾರ್ಟಪ್ ಇಂಡಿಯಾ ಸೀಡ್ ಫಂಡ್. 2021ರಲ್ಲಿ 945 ಕೋಟಿ ರೂಪಾಯಿಯೊಂದಿಗೆ ಬಂದ ಈ ಯೋಜನೆಯಲ್ಲಿ ಮಾದರಿ ತಯಾರಿಕೆ, ಪರೀಕ್ಷೆಗೆ 20 ಲಕ್ಷದವರೆಗೆ ಅನುದಾನ, ಮಾರುಕಟ್ಟೆಗೆ ಹೋಗಲು 50 ಲಕ್ಷದವರೆಗೆ ಸಾಲ ಅಥವಾ ಪರಿವರ್ತನೀಯ ಡಿಬೆಂಚರ್ (ಮುಂದೆ ಕಂಪನಿಯ ಪಾಲಾಗಿ ಬದಲಾಗಬಲ್ಲ ಸಾಲಪತ್ರ) ರೂಪದ ಹಣ. ಕೊಡುವುದು ನೇರವಾಗಿ ದಿಲ್ಲಿಯಲ್ಲ, ಆಯ್ಕೆಯಾದ ಇನ್‌ಕ್ಯುಬೇಟರ್‌ಗಳು. ಯಾರು ಯಾರೆಂಬ ಪಟ್ಟಿ, ಅರ್ಜಿ ತೆರೆದಿದೆಯೇ ಎಂಬುದು ಅದರ ಪೋರ್ಟಲ್‌ನಲ್ಲಿ ಸಿಗುತ್ತದೆ.

ಈಗ ಗಂಟು ಎಲ್ಲಿದೆ ನೋಡಿ. ಸೀಡ್ ಫಂಡ್ ಅರ್ಜಿ ಹಾಕುವಾಗ ಕಂಪನಿ ನೋಂದಣಿಯಾಗಿ 2 ವರ್ಷ ಮೀರಿರಬಾರದು. ಬೇರೆ ಕೇಂದ್ರ ಅಥವಾ ರಾಜ್ಯ ಯೋಜನೆಯಿಂದ 10 ಲಕ್ಷಕ್ಕಿಂತ ಹೆಚ್ಚು ಹಣ ಪಡೆದಿರಬಾರದು. ಸ್ಪರ್ಧೆಯಲ್ಲಿ ಗೆದ್ದ ಬಹುಮಾನ, ಅಗ್ಗದ ಆಫೀಸ್ ಜಾಗ, ಲ್ಯಾಬ್ ಬಳಕೆ ಇವು ಆ 10 ಲಕ್ಷದ ಲೆಕ್ಕಕ್ಕೆ ಬರುವುದಿಲ್ಲ ಎಂದು ನಿಯಮವೇ ಹೇಳುತ್ತದೆ, ಆದರೆ ಅನುದಾನ ಆ ಲೆಕ್ಕಕ್ಕೆ ಬರುತ್ತದೆ.

ಇದರ ಅರ್ಥ, ಎಲಿವೇಟ್‌ನಲ್ಲಿ 25 ಲಕ್ಷ ಗೆದ್ದವರು ಆಮೇಲೆ ಸೀಡ್ ಫಂಡ್ ಬಾಗಿಲಿಗೆ ಹೋದರೆ ಅದು ತೆರೆಯುವುದಿಲ್ಲ. ಕಾಲೇಜಿನ ಪಿಚ್‌ನಲ್ಲಿ ಲಕ್ಷ ರೂಪಾಯಿ ಗೆದ್ದವರಿಗೆ ತೊಂದರೆಯಿಲ್ಲ. ಇನ್ನೂ ದೊಡ್ಡ ಗಂಟು ನೋಂದಣಿಯದು. ಯಾವುದೋ ಸ್ಪರ್ಧೆಯ ಫಾರಂನಲ್ಲಿ 'ಪ್ರೈವೇಟ್ ಲಿಮಿಟೆಡ್ ಕಡ್ಡಾಯ' ಎಂದಿತ್ತು ಅಂತ ಅವಸರದಲ್ಲಿ ಕಂಪನಿ ನೋಂದಾಯಿಸುತ್ತಾರೆ. ಆ ಸ್ಪರ್ಧೆಯಲ್ಲಿ ಸೋಲುತ್ತಾರೆ, ಮಾದರಿ ತಯಾರಾಗಲು ಇನ್ನೂ ಒಂದೂವರೆ ವರ್ಷ ಹಿಡಿಯುತ್ತದೆ, ಅಷ್ಟೊತ್ತಿಗೆ 2 ವರ್ಷದ ಗಡುವು ಮುಗಿಯಲು ಬಂದಿರುತ್ತದೆ. ನಡುವೆ ಒಂದು ರೂಪಾಯಿ ವ್ಯಾಪಾರ ಇಲ್ಲದಿದ್ದರೂ ಪ್ರತಿ ವರ್ಷ ಆಡಿಟ್, ಆರ್‌ಒಸಿ (ಕಂಪನಿ ರಿಜಿಸ್ಟ್ರಾರ್) ಫೈಲಿಂಗ್ ಖರ್ಚು. ನೋಂದಣಿ ಕೇಳದ ಸ್ಪರ್ಧೆ ಮತ್ತು ಕೇಳುವ ಸ್ಪರ್ಧೆ ಎರಡೂ ಎದುರಿಗಿದ್ದರೆ, ಮಾದರಿ ಕೈಯಲ್ಲಿ ಇಲ್ಲದವರು ಮೊದಲನೆಯದಕ್ಕೇ ಹೋಗಲಿ.

ವೇದಿಕೆ ಹತ್ತುವ ಮುಂಚೆ ಪೇಟೆಂಟ್ ಬಗ್ಗೆ ಎರಡು ಮಾತು. ಹೊಸ ಯಂತ್ರ ಅಥವಾ ವಿಧಾನ ಕಂಡುಹಿಡಿದಿದ್ದರೆ, ಅರ್ಜಿ ಹಾಕದೆ ಸಾರ್ವಜನಿಕ ಸಭೆಯಲ್ಲಿ ಅದರ ಒಳಗುಟ್ಟು ಬಿಚ್ಚಿಟ್ಟರೆ ಹೊಸತನ ಹೋಯಿತು ಎಂದೇ ಕಾನೂನು ನೋಡುತ್ತದೆ. ಸರ್ಕಾರ ಅಧಿಸೂಚನೆ ಹೊರಡಿಸಿದ ವಸ್ತುಪ್ರದರ್ಶನಗಳಿಗೆ 12 ತಿಂಗಳ ವಿನಾಯಿತಿ ಇದೆ, ಹೋಟೆಲಿನ ಪಿಚ್ ಸಂಜೆಗೆ ಅದು ಅನ್ವಯಿಸುವುದಿಲ್ಲ. ತಾತ್ಕಾಲಿಕ ಅರ್ಜಿಗೆ ವ್ಯಕ್ತಿಗಳಿಗೂ ಮಾನ್ಯತೆ ಪಡೆದ ಸ್ಟಾರ್ಟಪ್‌ಗಳಿಗೂ ಆನ್‌ಲೈನ್ ಶುಲ್ಕ 1,600 ರೂಪಾಯಿ. ಪೂರ್ಣ ವಿವರ ಸಲ್ಲಿಸಲು ಆಮೇಲೆ 12 ತಿಂಗಳು ಸಮಯ. ಅದನ್ನು ಮಾಡದೆ ತೀರ್ಪುಗಾರರಿಂದ ಗೋಪ್ಯತಾ ಒಪ್ಪಂದಕ್ಕೆ ಸಹಿ ಕೇಳುವವರಿದ್ದಾರೆ. ಯಾರೂ ಹಾಕುವುದಿಲ್ಲ, ಮೇಲಾಗಿ ನಗುತ್ತಾರೆ.

ರೈತರಿಗೆ ಮಾರುವವರು ಹಾಲ್ ಬಿಟ್ಟು ಹೊರಗೆ ಬನ್ನಿ

ಧಾರವಾಡದ ಕೃಷಿ ಮೇಳ ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ ನಡೆಯುತ್ತದೆ. ಲಕ್ಷಗಟ್ಟಲೆ ರೈತರು ಬುತ್ತಿ ಕಟ್ಟಿಕೊಂಡು, ಟೆಂಪೊ ಮಾಡಿಕೊಂಡು ಬರುತ್ತಾರೆ. ಕೃಷಿ ಸ್ಟಾರ್ಟಪ್‌ಗೆ ಒಂದು ಪಿಚ್ ಸ್ಪರ್ಧೆ ಮತ್ತು ಕೃಷಿ ಮೇಳದ ಮಳಿಗೆ ಎರಡರಲ್ಲಿ ಒಂದನ್ನು ಆರಿಸಬೇಕಾಗಿ ಬಂದರೆ ನಾನು ಎರಡು ಸಲ ಯೋಚಿಸುವುದಿಲ್ಲ, ಮಳಿಗೆಯೇ. ಬಾಡಿಗೆ ಭಾರವಾದರೆ ಇನ್‌ಕ್ಯುಬೇಟರ್ ಮಳಿಗೆಯ ಒಂದು ಮೂಲೆ ಕೇಳಿ, ಅಥವಾ ಈಗಾಗಲೇ ಮಳಿಗೆ ಹಾಕುವ ಗೊಬ್ಬರ-ಬೀಜದ ಡೀಲರ್ ಜೊತೆ ನಿಲ್ಲಿ.

ಅಲ್ಲಿ ಏನಾಗುತ್ತದೆಂದರೆ, ಸ್ಲೈಡಿನಲ್ಲಿ ಕಾಣದ್ದು ಕಾಣುತ್ತದೆ. ಔಷಧಿ ಸಿಂಪಡಿಸುವ ಬ್ಯಾಟರಿ ಪಂಪನ್ನು ರೈತ ಮೊದಲು ಬೆನ್ನಿಗೆ ಏರಿಸಿ ಎರಡು ಹೆಜ್ಜೆ ನಡೆಯುತ್ತಾನೆ, ಪಟ್ಟಿ ಹೆಗಲಿಗೆ ಒತ್ತುತ್ತದೆಯೇ ನೋಡುತ್ತಾನೆ. ಆಮೇಲೆ ತಿರುಗಿಸಿ ಬ್ಯಾಟರಿ ಮುಚ್ಚಳ ತೆಗೆಯುತ್ತಾನೆ. 'ಇದಕ್ಕ ಸ್ಕ್ರೂ ಹಳ್ಯಾಗ ಸಿಗೂದಿಲ್ರಿ' ಎನ್ನುತ್ತಾನೆ. ಬೆಲೆ ಕೇಳುವುದು ಕೊನೆಗೆ. ಬೆಲೆಯನ್ನೇ ಮೊದಲು ಕೇಳಿ ಹೋದವನು ಕೊಳ್ಳುವವನಲ್ಲ, ನಿಂತು ಮುಚ್ಚಳ ತೆಗೆದವನ ಫೋನ್ ನಂಬರ್ ಬರೆದುಕೊಳ್ಳಿ.

ಮೆಣಸಿನಕಾಯಿಗೆ ಸಂಬಂಧಿಸಿದ್ದು, ಅಂದರೆ ತೇವಾಂಶ ಅಳೆಯುವ ಸಾಧನ, ಬಣ್ಣ ವಿಂಗಡಿಸುವ ಯಂತ್ರ, ಒಣಗಿಸುವ ಶೆಡ್ಡು ಇಂಥವು ನಿಮ್ಮವಾದರೆ ಬ್ಯಾಡಗಿ ಎಪಿಎಂಸಿಯೇ ನಿಮ್ಮ ನೆಟ್‌ವರ್ಕಿಂಗ್ ಕೂಟ. ಸುಗ್ಗಿಯಲ್ಲಿ, ಜನವರಿಯಿಂದ ಮಾರ್ಚ್‌ವರೆಗೆ, ಸೋಮವಾರ ಮತ್ತು ಗುರುವಾರದ ಸಂತೆಯಲ್ಲಿ ಚೀಲಗಳ ನಡುವೆ ಕಾಲಿಡಲು ಜಾಗವಿರುವುದಿಲ್ಲ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಈ ಕಾಯಿಯ ಬೆಲೆ ನಿಂತಿರುವುದೇ ಬಣ್ಣ ಮತ್ತು ತೇವಾಂಶದ ಮೇಲೆ. ಖರೀದಿದಾರ ಅದನ್ನು ಕೈಯಲ್ಲಿ ಮುರಿದು, ಬೀಜದ ಸಪ್ಪಳ ಕೇಳಿ ತೀರ್ಮಾನಿಸುತ್ತಾನೆ. ನಿಮ್ಮ ಯಂತ್ರದ ಎದುರಾಳಿ ಆ ಕೈ. ಟೆಂಡರ್ ನಡೆಯುವ ಹೊತ್ತಿನಲ್ಲಿ ಯಾರನ್ನೂ ಮಾತಾಡಿಸಬೇಡಿ, ಬೈಸಿಕೊಳ್ಳುತ್ತೀರಿ. ತೂಕ ಮುಗಿದ ಮೇಲೆ ದಲಾಲಿ ಅಂಗಡಿಯ ಗಾದಿಯ ಮೇಲೆ ಕೂತಾಗ ಮಾತಿಗೆ ಹೊತ್ತಿರುತ್ತದೆ. ರಾಣೆಬೆನ್ನೂರಿನ ಬೀಜ ಕಂಪನಿಗಳ ವಿಚಾರದಲ್ಲೂ ಹೀಗೆಯೇ. ಅವರು ಪಿಚ್ ಸ್ಪರ್ಧೆಗೆ ಬರುವುದಿಲ್ಲ, ನೀವೇ ಅವರ ಗೋದಾಮಿಗೆ ಹೋಗಬೇಕು.

ಗದಗ, ಹಾವೇರಿಯಿಂದ ಬರುವವರ ಲೆಕ್ಕ ಬೇರೆ

ಗದಗದಿಂದ ಹುಬ್ಬಳ್ಳಿಗೆ 60 ಕಿ.ಮೀ. ಹತ್ತಿರ, ಹಾವೇರಿಯಿಂದ 70ರ ಮೇಲೆ. ದೂರ ಅಂಥದ್ದೇನಲ್ಲ, ತೊಡಕಿರುವುದು ಸಮಯದಲ್ಲಿ. ನೆಟ್‌ವರ್ಕಿಂಗ್ ಎಂಬುದು ಶುರುವಾಗುವುದೇ ಭಾಷಣಗಳು ಮುಗಿದು ಊಟದ ತಟ್ಟೆ ಕೈಗೆ ಬಂದ ಮೇಲೆ, ಅಂದರೆ ರಾತ್ರಿ ಎಂಟೂವರೆಗೆ. ಆ ಹೊತ್ತಿಗೆ ಹಾವೇರಿಯವರು ಗಡಿಯಾರ ನೋಡುತ್ತ ಹೊಸ ಬಸ್‌ಸ್ಟ್ಯಾಂಡ್ ಕಡೆ ಹೊರಟಿರುತ್ತಾರೆ. ಮೂರು ತಾಸು ಭಾಷಣ ಕೇಳಿ, ಸಾರ ಇರುವ ಭಾಗ ಬಿಟ್ಟು ಹೋದಂತೆ. ಆದ್ದರಿಂದ ನೀವು ಹಗಲಿನ ಕಾರ್ಯಕ್ರಮಗಳನ್ನೇ ಆರಿಸಿ: ಮೆಂಟರ್ ಭೇಟಿ, ಕಾಲೇಜಿನ ಹ್ಯಾಕಥಾನ್, ಮೇಳ. ಸಂಜೆಯ ಕೂಟಕ್ಕೆ ಬರುವುದಾದರೆ ರಾತ್ರಿ ಉಳಿಯುವ ಏರ್ಪಾಡು ಮಾಡಿಕೊಂಡೇ ಬನ್ನಿ, ಮರುದಿನ ಬೆಳಿಗ್ಗೆ ಗೋಕುಲ ರೋಡಿನಲ್ಲಿ ಒಂದು ಭೇಟಿ ಗಂಟು ಹಾಕಿ. ಹೆಣ್ಣುಮಕ್ಕಳ ತಂಡವಾದರೆ ಆನ್‌ಲೈನ್ ಸುತ್ತು ಇದೆಯೇ ಎಂದು ಸಂಘಟಕರಿಗೆ ಮೊದಲೇ ಕೇಳಿ. ಈಗೀಗ ಮೊದಲ ಸುತ್ತನ್ನು ವಿಡಿಯೋ ಕರೆಯಲ್ಲೇ ಮುಗಿಸುವವರು ಹೆಚ್ಚು.

ಗದಗದವರಿಗೆ ತಮ್ಮಲ್ಲೇ ಒಂದು ಅನುಕೂಲವಿದೆ. 2016ರಲ್ಲಿ ಸ್ಥಾಪನೆಯಾದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಅಲ್ಲಿದೆ. ಪಂಚಾಯಿತಿ, ಸ್ವಸಹಾಯ ಸಂಘಗಳಿಗೆ ಬೇಕಾದ ಸೇವೆ ಕಟ್ಟುವವರಿಗೆ ಹುಬ್ಬಳ್ಳಿಯ ಹೂಡಿಕೆದಾರರಿಗಿಂತ ಅಲ್ಲಿಯ ಕಾರ್ಯಾಗಾರಕ್ಕೆ ಬರುವ ಪಿಡಿಒಗಳು ಹತ್ತಿರದವರು. 1905ರಲ್ಲೇ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದ ಜಿಲ್ಲೆ ಅದು. ಸೊಸೈಟಿಗಳ ವಾರ್ಷಿಕ ಸಭೆಗೆ ಕರೆ ಸಿಕ್ಕರೆ ಹತ್ತು ನಿಮಿಷ ಮಾತಾಡಲು ಅವಕಾಶ ಕೇಳಿ, ಎದುರಿಗೆ ಕೂತಿರುವವರೆಲ್ಲ ಕೊಳ್ಳುವ ಶಕ್ತಿಯಿರುವ ಸದಸ್ಯರು.

ಬೆಂಗಳೂರು? ನವೆಂಬರ್‌ನ ಟೆಕ್ ಸಮಿಟ್‌ಗೆ ಸ್ವಂತ ಖರ್ಚಿನಲ್ಲಿ ಹೋಗುವುದನ್ನು ನಾನು ಶಿಫಾರಸು ಮಾಡುವುದಿಲ್ಲ. 2023ರ ಜೂನ್‌ನಿಂದ ಧಾರವಾಡ-ಬೆಂಗಳೂರು ವಂದೇ ಭಾರತ್ ಓಡುತ್ತಿದೆ ನಿಜ, ಹೋಗಿ ಬರುವುದು ಸಲೀಸು ಹೌದು, ಆದರೆ ಅಷ್ಟು ದೊಡ್ಡ ಜಾತ್ರೆಯಲ್ಲಿ ಮೊದಲೇ ಗೊತ್ತುಮಾಡಿದ ಭೇಟಿಗಳಿಲ್ಲದಿದ್ದರೆ ಕೈಚೀಲ ತುಂಬ ಬ್ರೋಶರ್ ಹೊತ್ತು ಬರುವುದಷ್ಟೇ. ರಾಜ್ಯದ ಡಿಜಿಟಲ್ ಎಕಾನಮಿ ಮಿಷನ್‌ಗೆ ಹುಬ್ಬಳ್ಳಿ-ಧಾರವಾಡ-ಬೆಳಗಾವಿ ಒಂದು ಕ್ಲಸ್ಟರ್. 'ಬಿಯಾಂಡ್ ಬೆಂಗಳೂರು' ಹೆಸರಿನಲ್ಲಿ ಅವರೇ ಸ್ಟಾರ್ಟಪ್‌ಗಳನ್ನು ಕರೆದೊಯ್ಯುವುದಿದ್ದರೆ, ಮಳಿಗೆ ಕೊಡುವುದಿದ್ದರೆ ಆಗ ಹೊರಡಿ.

ಹಣ ಕೇಳುವ 'ಪ್ರಶಸ್ತಿ'ಗಳು

ಇಷ್ಟರ ನಡುವೆ ಇನ್ನೊಂದು ಬಗೆ ಇದೆ. ದೂರದ ಊರಿನಿಂದ ಫೋನ್ ಬರುತ್ತದೆ: ನಿಮ್ಮ ಕಂಪನಿ 'ವರ್ಷದ ಉದಯೋನ್ಮುಖ ಸ್ಟಾರ್ಟಪ್' ಎಂದು ಆಯ್ಕೆಯಾಗಿದೆ, ಸಮಾರಂಭಕ್ಕೆ ಬರಬೇಕು, ಟೇಬಲ್‌ಗೆ ಇಷ್ಟು ಸಾವಿರ, ಪತ್ರಿಕೆಯಲ್ಲಿ ಲೇಖನಕ್ಕೆ ಇಷ್ಟು. ನೀವು ಅರ್ಜಿ ಹಾಕದ ಪ್ರಶಸ್ತಿಗೆ ನಿಮ್ಮನ್ನು ಆರಿಸಿದವರು ಯಾರು ಎಂದು ಕೇಳಿದರೆ ಫೋನ್ ಇಡುತ್ತಾರೆ. ಹೂಡಿಕೆದಾರರನ್ನು ಭೇಟಿ ಮಾಡಿಸಲು 'ಪಿಚ್ ಫೀ' ಕೇಳುವವರೂ ಇದೇ ಗುಂಪಿನವರು. ಊಟ, ಹಾಲ್ ಖರ್ಚಿಗೆಂದು ಐನೂರೋ ಸಾವಿರವೋ ಪ್ರವೇಶ ಶುಲ್ಕ ಇಡುವುದು ಬೇರೆ ಮಾತು. ನಿಮ್ಮ ಮುಂದೆ ಕೂತು ಕೇಳಲು ಹೂಡಿಕೆದಾರನೇ ಹಣ ತೆಗೆದುಕೊಳ್ಳುತ್ತಾನೆಂದರೆ ಅವನ ವ್ಯಾಪಾರ ಹೂಡಿಕೆಯಲ್ಲ, ಅದೇ ಫೀ.

ಹೋದ ಮೇಲೆ

ಯಾವುದನ್ನೇ ಆರಿಸಿ, ಕೈಯಲ್ಲಿ ವಸ್ತು ಇರಲಿ. ಆ್ಯಪ್ ಆದರೆ ಇಂಟರ್‌ನೆಟ್ ಇಲ್ಲದೆಯೂ ಓಡುವ ಪ್ರತಿ ಇರಲಿ. ಹಾಲ್‌ಗಳ ವೈಫೈ ಎಲ್ಲರೂ ಒಟ್ಟಿಗೆ ಬಿದ್ದಾಗ ಮಲಗುತ್ತದೆ. ವಿಸಿಟಿಂಗ್ ಕಾರ್ಡ್ ಹಂಚುವುದಕ್ಕಿಂತ ಎದುರಿಗಿರುವವರ ನಂಬರ್‌ಗೆ ಅಲ್ಲೇ ನಿಂತು ನಿಮ್ಮ ಹೆಸರು, ಊರು, ಒಂದು ಸಾಲಿನ ಕೆಲಸ ವಾಟ್ಸಾಪ್ ಮಾಡಿ. ಮರುದಿನ ಮಧ್ಯಾಹ್ನದೊಳಗೆ ಎರಡನೇ ಸಂದೇಶ ಹೋಗಲಿ. ಅದರಲ್ಲಿ 'ಭೇಟಿಯಾಗಿ ಸಂತೋಷವಾಯಿತು' ಎಂದಷ್ಟೇ ಬರೆದರೆ ಉತ್ತರ ಬರುವುದಿಲ್ಲ. 'ನಿಮ್ಮ ತಾರಿಹಾಳದ ಗೋದಾಮಿಗೆ ಗುರುವಾರ ಹತ್ತು ಗಂಟೆಗೆ ಯಂತ್ರ ತಂದು ತೋರಿಸಲೇ?' ಎಂದು ದಿನ, ಹೊತ್ತು, ಜಾಗ ಹಾಕಿ ಕೇಳಿ. ಹಿರಿಯ ವ್ಯಾಪಾರಸ್ಥರಾದರೆ ಸಂದೇಶ ಬೇಡ, ಬೆಳಿಗ್ಗೆ ಹನ್ನೊಂದರ ಮೇಲೆ ಅಂಗಡಿ ಪೂಜೆ ಮುಗಿದ ಹೊತ್ತಿಗೆ ಫೋನ್ ಮಾಡಿ. 'ಯಾರ್ ಅಂದ್ರಿ?' ಎನ್ನುತ್ತಾರೆ, ಬೇಸರಿಸದೆ ಇನ್ನೊಮ್ಮೆ ಹೇಳಿ, ಯಂತ್ರ ತೆಗೆದುಕೊಂಡು ಹೋಗಿ.